ಈ ವಯಸ್ಸಲ್ಲಿ ಯಾಕಮ್ಮಾ ಅನ್ನಬೇಡಿ

ನೀವು ಒಳ್ಳೆಯವರು. ಮುಖಸ್ತುತಿಗೆ ಹೇಳುತ್ತಿರುವ ಮಾತಲ್ಲ ಇದು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಊರಿನಲ್ಲಿ ಒಬ್ಬಳನ್ನೇ ಬಿಡಬಾರದೆಂದು ಹಿರಿಯೂರಿನಿಂದಲೋ ಅರಸೀಕೆರೆಯಿಂದಲೋ ಸಾಗರದಿಂದಲೋ ಜೆ.ಪಿ. ನಗರ ಏಳನೇ ಹಂತದ ಫ್ಲ್ಯಾಟಿಗೆ ಕರೆತಂದವರು ನೀವು. ಅವರಿಗೆಂದೇ ಗಾಳಿ ಬೆಳಕಿನ ಕೋಣೆ ಬಿಟ್ಟುಕೊಟ್ಟು, ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ ಹಾಕಿಸಿ, ಬಿ.ಪಿ. ಮಾತ್ರೆ, ಶುಗರ್ ಮಾತ್ರೆಗಳನ್ನು ವಾರಕ್ಕಾಗುವಷ್ಟು ಖಾನೆಯ ಡಬ್ಬಿಯಲ್ಲಿ ಜೋಡಿಸಿಟ್ಟು, ಮಂಡಿನೋವೆಂದರೆ ಅರ್ಧ ದಿನ ರಜೆ ಹಾಕಿ ಮೂಳೆ ಡಾಕ್ಟರ ಬಳಿ ಸರದಿಯಲ್ಲಿ ಕೂತು ಬಂದವರು. ಆಫೀಸಿನ ಮೀಟಿಂಗಿನ ನಡುವೆಯೂ 'ಊಟ ಆಯ್ತಾ ಅಮ್ಮ' ಎಂದು ಮೆಸೇಜ್ ಹಾಕುವವರು. ನಿಮ್ಮ ಮೇಲೆ ದೂರು ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಬೆಂಗಳೂರಿಗೆ ಬಂದ ಮೇಲೆ ನಿಮ್ಮ ತಾಯಿಗೆ ಆದ ಗೆಳತಿಯ ಹೆಸರೇನು?

ನಿಮ್ಮ ಅತ್ತೆಯ ಹೆಸರು ಹೇಳಬೇಡಿ. ಎದುರು ಫ್ಲ್ಯಾಟಿನ ನಿಮ್ಮ ಸ್ನೇಹಿತರ ತಾಯಿಯ ಹೆಸರೂ ಬೇಡ, ಅವರು ನಿಮ್ಮ ಮೂಲಕ ಬಂದ ಪರಿಚಯ. ಅಮ್ಮ ತಾನೇ ಹುಡುಕಿಕೊಂಡವರು, ತಾನೇ ನಗಿಸಿದವರು, 'ಇವತ್ತು ಯಾಕೆ ಬರಲಿಲ್ಲ' ಎಂದು ತನ್ನನ್ನು ವಿಚಾರಿಸುವವರು, ಅಮ್ಮ ನಿಮ್ಮನ್ನು ಒಂದು ಚೂರು ಬೈದರೂ ಅದನ್ನು ನಿಮ್ಮ ಕಿವಿಗೆ ಹಾಕದವರು. ಅಂಥವರು ಒಬ್ಬರಿದ್ದಾರೆಯೇ? ಇದ್ದರೆ ಈ ಲೇಖನವನ್ನು ಇಲ್ಲಿಗೇ ಬಿಡಿ, ನಿಮಗಾಗಿ ಬರೆದದ್ದಲ್ಲ.

ಇಲ್ಲವೆನ್ನುವುದಾದರೆ, ಒಮ್ಮೆ ನೆನಪು ಮಾಡಿಕೊಳ್ಳಿ. ಬಂದ ಹೊಸದರಲ್ಲಿ ಅವರು ಕೇಳಿದ್ದರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಯಾರೋ ದೇವರನಾಮ ಹೇಳಿಕೊಡುತ್ತಾರಂತೆ, ವಾರಕ್ಕೆರಡು ದಿನವಂತೆ, ಸೇರಿಕೊಳ್ಳಲೇ ಎಂದು ಕೇಳಿದ್ದರು. ನೀವು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, ಪ್ರೀತಿಯಿಂದಲೇ ಅಂದಿರಿ: ಈ ವಯಸ್ಸಲ್ಲಿ ಯಾಕಮ್ಮಾ ಇದೆಲ್ಲ? ಇನ್ನೊಂದು ಮನೆಯಲ್ಲಿ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಅಪ್ಪ, ಹುಡುಗರಾಗಿದ್ದಾಗ ಮನೆಯವರು ಕಲಿಯಲು ಬಿಡದ ಮೃದಂಗವನ್ನು ಈಗ ಕಲಿಯುತ್ತೇನೆ ಎಂದಾಗಲೂ ಅದೇ ಮಾತು, ಒಂದಕ್ಷರ ಮಾತ್ರ ಬೇರೆ: ಈ ವಯಸ್ಸಲ್ಲಿ ಯಾಕಪ್ಪಾ ಇದೆಲ್ಲ? ಆರಾಮವಾಗಿ ಇರಬಾರದಾ? ನಾವಿಲ್ವಾ?

ಗದರಿ ಹೇಳಿದ್ದರೆ ಅವರು ಎದುರು ನಿಲ್ಲುತ್ತಿದ್ದರು. ಎಂಥೆಂಥ ಗದರಿಕೆಗಳನ್ನು ಕಂಡ ಜೀವ ಅದು. ಪ್ರೀತಿಯಿಂದ ಅಂದುಬಿಟ್ಟಿರಿ, ಹಾಗಾಗಿ ಅವರಿಗೆ ಉತ್ತರವೇ ಇಲ್ಲದೆ ಹೋಯಿತು. ಆಮೇಲೆ ಅವರು ಏನನ್ನೂ ಕೇಳಲಿಲ್ಲ. ಕೇಳದಿರುವುದನ್ನು ನೀವು ನೆಮ್ಮದಿ ಎಂದುಕೊಂಡಿರಿ.

ಹಗಲು ಹನ್ನೊಂದರಿಂದ ಮೂರೂವರೆಯವರೆಗೆ ಆ ಫ್ಲ್ಯಾಟ್ ಹೇಗಿರುತ್ತದೆ ಎಂದು ನಿಮಗೆ ಗೊತ್ತಿಲ್ಲದ್ದೇನಲ್ಲ. ಕೆಲಸದವಳು ಪಾತ್ರೆ ತೊಳೆದು, ನೆಲ ಒರೆಸಿ, ಚಪ್ಪಲಿ ಮೆಟ್ಟಿ ಹೊರಟಿರುತ್ತಾಳೆ. ಆ ಹಗಲು ಮನೆಯಲ್ಲಿ ಅಮ್ಮನ ಜೊತೆ ಮಾತಾಡಿದ ಕೊನೆಯ ವ್ಯಕ್ತಿ ಅವಳೇ. ಆಮೇಲೆ ಟೀವಿ, ಟೀವಿಯ ನಡುವೆ ನಿದ್ದೆ, ನಿದ್ದೆಯ ನಡುವೆ ಬೆಚ್ಚಿ ಎದ್ದು ಗಡಿಯಾರ ನೋಡುವುದು. ಬಾಲ್ಕನಿಗೆ ಬಂದು ನಿಂತರೆ ಕೆಳಗೆ ತರಕಾರಿ ಗಾಡಿ. ಊರಿನಲ್ಲಿ ಆ ಗಾಡಿಯ ಸುತ್ತ ನಿಂತೇ ಅರ್ಧ ಬೀದಿಯ ಸುದ್ದಿ ಅವರಿಗೆ ತಿಳಿಯುತ್ತಿತ್ತು. ಬದನೆಕಾಯಿ ಆರಿಸುತ್ತ ಆರಿಸುತ್ತ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯಲ್ಲಿ ಸೊಸೆ ಬಸುರಿ ಎಂಬುದೆಲ್ಲ ಕೊಸರಿನ ಜೊತೆಗೇ ಬರುತ್ತಿತ್ತು. ಇಲ್ಲಿ ಹತ್ತು ನಿಮಿಷದೊಳಗೆ ಕೊತ್ತಂಬರಿ ಸೊಪ್ಪು ತಂದು ಬಾಗಿಲ ಹಿಡಿಕೆಗೆ ನೇತುಹಾಕಿ ಹೋಗುವ ಆಪ್ ಇದೆ. ನಿಮ್ಮ ಸಮಯ ಉಳಿಯಿತು, ನಿಜ. ಅವರಿಗೆ ಇದ್ದ ಒಂದು ನೆಪ ಹೋಯಿತು.

ಮನೆಗೆ ಬಂದ ನೆಂಟರ ಮುಂದೆ ಅವರು ಏನು ಹೇಳುತ್ತಾರೆ ಗೊತ್ತಲ್ಲ? 'ಏನೂ ಕಮ್ಮಿ ಇಲ್ಲ ಕಣ್ರೀ, ಚೆನ್ನಾಗಿ ನೋಡ್ಕೋತಾರೆ.' ಅದು ಸತ್ಯವೇ. ಆದರೆ ಒಂಟಿತನ ಎಂದು ಬಾಯಿಬಿಟ್ಟರೆ ಮಗನ ಮೇಲೆ, ಸೊಸೆಯ ಮೇಲೆ ಚಾಡಿ ಹೇಳಿದ ಹಾಗಾಗುತ್ತದಲ್ಲ ಎಂಬ ಸಂಕಟ ಅವರದು. ಹೊಟ್ಟೆಗಿಲ್ಲ ಎನ್ನುವವರಿಗೆ ಕಾನೂನಿದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆ ಅನ್ನ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ಮಕ್ಕಳ ಹೊಣೆಯೆಂದು ಬರೆದಿಟ್ಟಿದೆ. ಆ ಪಟ್ಟಿಯಲ್ಲಿರುವುದನ್ನೆಲ್ಲ ನೀವು ಕೊಟ್ಟಿದ್ದೀರಿ. ಪಟ್ಟಿಯಲ್ಲಿ ಇಲ್ಲದ್ದಕ್ಕಾಗಿ ಅವರು ಯಾವ ಕಚೇರಿಯ ಬಾಗಿಲು ತಟ್ಟಬೇಕು? ನಿಮ್ಮ ಮನಸ್ಸಿನ ಬಾಗಿಲೊಂದೇ ಇರುವುದು.

ಇನ್ನೊಂದು ಕಷ್ಟದ ಮಾತು ಹೇಳಬೇಕು. ನಾವು ಅಪ್ಪ ಅಮ್ಮನನ್ನು ಸರದಿಯ ಮೇಲೆ ಇಟ್ಟುಕೊಳ್ಳುತ್ತೇವೆ. ಮೂರು ತಿಂಗಳು ಬನಶಂಕರಿಯ ಮಗನ ಮನೆ, ಮೂರು ತಿಂಗಳು ಮೈಸೂರಿನ ಮಗಳ ಮನೆ, ನಡುವೆ ಬಾಣಂತನ ಬಂದರೆ ಆರು ತಿಂಗಳು ಅಮೆರಿಕ. ಎಲ್ಲ ಮಕ್ಕಳಿಗೂ ಸಮನಾದ ಹೊಣೆ, ಎಲ್ಲ ಮೊಮ್ಮಕ್ಕಳಿಗೂ ಸಮನಾದ ಅಜ್ಜಿ; ನ್ಯಾಯವಾದ ಏರ್ಪಾಡೇ ಎನ್ನಿಸುತ್ತದೆ. ಆದರೆ ಸ್ನೇಹ ಬೆಳೆಯಲು ಸಮಯ ಬೇಕು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬವರು ಹೊಸ ಊರಿಗೆ ಹೋದವರನ್ನು, ಹೊಸದಾಗಿ ಕಾಲೇಜು ಸೇರಿದವರನ್ನು ವಿಚಾರಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮುಖಪರಿಚಯ ಸಲುಗೆಗೆ ತಿರುಗಲು ಸುಮಾರು 50 ಗಂಟೆ ಜೊತೆಗಿರಬೇಕು, ಸ್ನೇಹವೆನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಮಿಕ್ಕು ಎಂದು ಅವರ ಅಂದಾಜು. ಸ್ನೇಹವನ್ನು ಗಂಟೆಯಲ್ಲಿ ಅಳೆಯುವುದು ನನಗೂ ಅಷ್ಟಾಗಿ ಒಗ್ಗದು. ಆದರೂ ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದು ಗಂಟೆ ಪಾರ್ಕಿನ ಬೆಂಚು, ಮೂರು ತಿಂಗಳಿಗೆ ತೊಂಬತ್ತು ಗಂಟೆ. ಅಂದರೆ, ಮೊದಲ ವಾರ ನೋಡಿ ನಕ್ಕವರು, ಮೊದಲ ತಿಂಗಳು ಊರು ಯಾವುದೆಂದು ಕೇಳಿದವರು, ಎರಡನೇ ತಿಂಗಳು ಮನೆಯಲ್ಲಿ ಮಾಡಿದ ಚಕ್ಕುಲಿಯನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟವರು ಮೂರನೇ ತಿಂಗಳ ಕೊನೆಗೆ ಇನ್ನೇನು ಸ್ನೇಹಿತರಾಗುತ್ತಾರೆ ಎನ್ನುವ ದಿನವೇ ನೀವು ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತೀರಿ. ಅಮ್ಮ ತಿರುಗಿ ಬರುವ ಹೊತ್ತಿಗೆ ಆ ಚಕ್ಕುಲಿ ಕೊಟ್ಟಾಕೆಯ ಸರದಿ ಬಂದು ಅವರು ಪುಣೆಗೆ ಹೋಗಿರುತ್ತಾರೆ. ಮತ್ತೆ ಮೊದಲಿಂದ ಶುರು. ಎಪ್ಪತ್ತರ ಮೇಲೆ ಎಷ್ಟು ಸಲ ಮೊದಲಿಂದ ಶುರು ಮಾಡಲಾದೀತು, ನೀವೇ ಹೇಳಿ.

ಜಯನಗರದ ಲಕ್ಷ್ಮಣರಾವ್ ಪಾರ್ಕಿನಲ್ಲಿ ನಾನು ಕಂಡದ್ದೊಂದನ್ನು ಹೇಳುತ್ತೇನೆ. ಒಂದೇ ಬೆಂಚಿನಲ್ಲಿ ಇಬ್ಬರು. ಒಬ್ಬರು ನಮ್ಮ ಕಡೆಯವರು, ನೂಲಿನ ಸೀರೆ, ಕೊರಳಲ್ಲಿ ಕರಿಮಣಿಯಿಲ್ಲ. ಇನ್ನೊಬ್ಬರು ಬಂಗಾಳದವರು, ಬಿಟಿಎಂ ಲೇಔಟಿನಲ್ಲಿ ಸಾಫ್ಟ್‌ವೇರ್ ಮಗನ ಜೊತೆ ಇರುವವರು, ಕೈಯಲ್ಲಿ ಶಂಖದ ಬಳೆ. ಮಡಿಲಲ್ಲಿ ಬಿಡಿ ಮಲ್ಲಿಗೆ, ಒದ್ದೆ ಮಾಡಿದ ಬಾಳೆನಾರು. ಈಯಮ್ಮ ಆಯಮ್ಮನಿಗೆ ಹೂ ಕಟ್ಟುವುದನ್ನು ಹೇಳಿಕೊಡುತ್ತಿದ್ದರು. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ, ನಾರನ್ನು ಬೆರಳಿಗೆ ಒಂದು ಸುತ್ತು ಹಾಕಿ ಕೆಳಗಿನಿಂದ ಎಳೆ. ಆಯಮ್ಮ ಎಳೆದರೆ ಮೊಗ್ಗಿನ ಕುತ್ತಿಗೆಯೇ ಕಿತ್ತುಬರುತ್ತಿತ್ತು. ಮೆಲ್ಲಗೆ ಎಳೆದರೆ ಗಂಟು ನಿಲ್ಲದೆ ಹೂವೆಲ್ಲ ಜಾರುತ್ತಿತ್ತು. 'ಬಿಗಿ, ಬಿಗಿ... ಅಯ್ಯೋ ಅಷ್ಟು ಬಿಗಿ ಬೇಡ!' ಇವರಿಗೆ ಬಂಗಾಳಿ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರ ಹಿಂದಿಯೂ ಒಂದೇ ಅಂದ. ಗೇಣುದ್ದದ ಒಂದು ವಕ್ರ ಮಾಲೆ ಆಗುವ ಹೊತ್ತಿಗೆ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಅಷ್ಟರಲ್ಲಿ ಒಬ್ಬರಿಗೆ ಫೋನು ಬಂತು. ಎಲ್ಲಿದ್ದೀಯಮ್ಮ, ಸ್ಕೂಲ್ ವ್ಯಾನ್ ಬಂದು ನಿಂತಿದೆ. ಮಡಿಲು ಕೊಡವಿಕೊಂಡು ಅವಸರವಾಗಿ ಎದ್ದರು. ಬೆಂಚಿನ ಮೇಲೆ ಬಿಡಿ ಮೊಗ್ಗುಗಳು ಉಳಿದವು.

ಅರವತ್ತೆಂಟೋ ಎಪ್ಪತ್ತೋ ವಯಸ್ಸಿನ ಆ ಬಂಗಾಳಿ ತಾಯಿಗೆ ಹೂ ಕಟ್ಟುವುದು ಬಂದರೆಷ್ಟು, ಬರದಿದ್ದರೆಷ್ಟು? ಜಯನಗರದ ಕಾಂಪ್ಲೆಕ್ಸಿನ ಮುಂದೆ ಮೊಳದ ಲೆಕ್ಕದಲ್ಲಿ ಕಟ್ಟಿದ ಹೂವೇ ಸಿಗುತ್ತದೆ. ಈ ವಯಸ್ಸಲ್ಲಿ ಯಾಕಮ್ಮಾ ಎಂದು ಕೇಳುವವರು ಆ ನಗುವನ್ನು ಕೇಳಿಸಿಕೊಳ್ಳಬೇಕಿತ್ತು.

ಇದು ಬರೀ ಮನಸ್ಸಿನ ಮಾತಾಗಿದ್ದರೆ ಇಷ್ಟು ಬೇಡಿಕೊಳ್ಳುತ್ತಿರಲಿಲ್ಲವೇನೋ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಅದರ ಜೊತೆ ತಳಕು ಹಾಕಿಕೊಂಡ ಸಾವುಗಳು ವರ್ಷಕ್ಕೆ ಸುಮಾರು 8,71,000, ಗಂಟೆಗೆ ನೂರರಷ್ಟು. ಮರೆಗುಳಿತನದ ಬಗ್ಗೆ 2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ 14 ಅಪಾಯಕಾರಿ ಅಂಶಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಸಾಲಿನಲ್ಲೇ ಕಿವಿ ಮಂದವಾಗುವುದೂ ಇದೆ, ಜನಸಂಪರ್ಕವಿಲ್ಲದಿರುವುದೂ ಇದೆ. ಶುಗರ್ ಎಷ್ಟಿದೆಯೆಂದು ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ನೋಡಿಸುತ್ತೀರಿ. ಈ ಮೂರು ತಿಂಗಳಲ್ಲಿ ಮನೆಯವರಲ್ಲದ ಎಷ್ಟು ಜನರ ಜೊತೆ ಅಮ್ಮ ಮಾತಾಡಿದರು ಎಂದು ಯಾವ ಲ್ಯಾಬಿನಲ್ಲಿ ನೋಡಿಸುತ್ತೀರಿ?

ಇನ್ನು ಆ ಫೋನು ಕರೆಗಳು. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎಂದು ಹೆದರಿಸಿ, ಜೀವಮಾನದ ಉಳಿತಾಯವನ್ನು ದೋಚಿದ ಸುದ್ದಿಯನ್ನು ಬೆಂಗಳೂರಿನ ಪತ್ರಿಕೆಗಳಲ್ಲಿ ನೀವು ಎಷ್ಟು ಸಲ ಓದಿಲ್ಲ? ಓದಿ, 'ಇಷ್ಟು ಓದಿಕೊಂಡವರು ಹೇಗೆ ಮೋಸ ಹೋದರು' ಎಂದಿದ್ದೀರಿ. ಆ ವಂಚಕರ ಮೊದಲ ಷರತ್ತೇ 'ಯಾರಿಗೂ ಹೇಳಬೇಡಿ' ಎಂಬುದು. ಹೇಳಲು ಯಾರೂ ಇಲ್ಲದವರ ಮೇಲೆ ಆ ಷರತ್ತು ಹಾಕುವುದು ಸುಲಭ. ಸಂಜೆ ವಾಕಿಂಗಿಗೆ ಜೊತೆಯಾಗುವ ಒಬ್ಬ ಗೆಳೆಯನಿದ್ದಿದ್ದರೆ, 'ಯಾಕ್ರೀ ರಾಯರೇ, ಮುಖ ಬಾಡಿದೆ' ಎಂದು ಕೇಳುವ ಒಂದು ಬಾಯಿ ಇದ್ದಿದ್ದರೆ ಉಳಿಯುತ್ತಿತ್ತು ಆ ದುಡ್ಡು. ಮರ್ಯಾದೆಯೂ ಉಳಿಯುತ್ತಿತ್ತು.

ಹೊಸದನ್ನು ಹಿಡಿಯಲು ವಯಸ್ಸು ಮೀರಿತು ಎನ್ನುವ ನಾವು ಎಂಥವರ ನೆರೆಯಲ್ಲಿ ಬದುಕಿದ್ದೆವು! ಇದೇ ಜಯನಗರದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರಿದ್ದರು. ವಿಜಯ ಕಾಲೇಜಿನಿಂದ ನಿವೃತ್ತರಾದದ್ದು 1973ರಲ್ಲಿ, ಅರವತ್ತರ ಅಂಚಿನಲ್ಲಿ. ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರುವಾದದ್ದು 1991ರಲ್ಲಿ. ಆಗ ಅವರಿಗೆ ಎಪ್ಪತ್ತೆಂಟರ ಹತ್ತಿರ. ನಾಡಿನ ಮೂಲೆಮೂಲೆಯ ಓದುಗರು ಪದಗಳ ಬಗ್ಗೆ ಪತ್ರ ಬರೆದು ಕೇಳುವುದು, ಅವರು ಉತ್ತರಿಸುವುದು, ಆ ಪತ್ರಗಳಲ್ಲೇ ಅವರಿಗೆ ಎಷ್ಟು ಹೊಸ ಸ್ನೇಹಗಳು. ಬೆಂಗಳೂರಿನಲ್ಲಿ 2011ರಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ತೊಂಬತ್ತೇಳು. 2021ರಲ್ಲಿ, ನೂರೇಳನೆಯ ವಯಸ್ಸಿನಲ್ಲಿ ಅವರು ಹೋದಾಗ ನೀವೆಲ್ಲ ಅವರ ಫೋಟೊ ಸ್ಟೇಟಸ್ಸಿಗೆ ಹಾಕಿದಿರಿ, ಬತ್ತದ ಉತ್ಸಾಹ ಎಂದು ಬರೆದಿರಿ. ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಕೂತದ್ದೇ ನಲವತ್ತೈದರ ಸುಮಾರಿಗೆ. ಮೊದಲ ಕಾದಂಬರಿ 'ತುಂಗಭದ್ರಾ' ಹೊರಬಂದದ್ದು 1963ರಲ್ಲಿ. ಅಂದಿನ ಲೆಕ್ಕದಲ್ಲಿ ಅಜ್ಜಿಯಾಗುವ ವಯಸ್ಸು ಅದು. ದೊಡ್ಡವರ ಮಾತು ಬೇರೆ ಎನ್ನುತ್ತೀರಿ. ಅವರ ಪಾಂಡಿತ್ಯ ಬೇರೆ, ಒಪ್ಪಿದೆ. ಆದರೆ ಮುಪ್ಪಿನಲ್ಲೊಂದು ಹೊಸ ಕೆಲಸ ಹಿಡಿದಾಗ ಮನಸ್ಸಿಗೆ ಆಗುವ ಚೇತರಿಕೆಗೆ ಪಾಂಡಿತ್ಯ ಬೇಕಿಲ್ಲ, ಮನೆಯವರು ಅಡ್ಡ ಬರದಿದ್ದರೆ ಸಾಕು.

ಊರು ಸರಿಯಿಲ್ಲ ಎನ್ನುತ್ತೀರಿ. ಫುಟ್‌ಪಾತಿನ ಚಪ್ಪಡಿ ಎದ್ದಿದೆ, ಬೀದಿನಾಯಿ ಇದೆ, ಬಿದ್ದು ಸೊಂಟ ಮುರಿದುಕೊಂಡರೆ ನೋಡಿಕೊಳ್ಳುವವರು ಯಾರು ಎಂಬ ನಿಮ್ಮ ಭಯ ಸುಳ್ಳಲ್ಲ, ಆ ಭಯ ನನಗೂ ಇದೆ. ನೋಡಿಕೊಳ್ಳುವ ಭಾರವೆಲ್ಲ ಮನೆಯ ಸೊಸೆಯ ತಲೆಗೇ ಕಟ್ಟುತ್ತೇವೆ ಎಂಬುದೂ ನಿಜ. ಈ ಲೇಖನವನ್ನು ಮೊದಲು ಗಂಡುಮಕ್ಕಳು ಓದಲಿ. ಆದರೂ ಬೆಂಗಳೂರಿನ ದಕ್ಷಿಣದ ಈ ತುದಿಯಲ್ಲಿ ಹಿರಿಯರಿಗೆ ಇರುವಷ್ಟು ಜಾಗ ಬೇರೆಲ್ಲೂ ಇಲ್ಲ. 1948ರಲ್ಲಿ ಜಯನಗರಕ್ಕೆ ನಕ್ಷೆ ಹಾಕಿದವರು ಮರಕ್ಕೆ, ಪಾರ್ಕಿಗೆ ಜಾಗ ಬಿಟ್ಟರು. ಮಾಧವನ್ ಪಾರ್ಕ್ ಇದೆ, ಜೆ.ಪಿ. ನಗರದ ಕಿರು ಅರಣ್ಯವಿದೆ, ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಉಳಿಸಿದ ಪುಟ್ಟೇನಹಳ್ಳಿ ಕೆರೆಯಿದೆ. ರಾಮನವಮಿ ಬಂದರೆ ವಾರಗಟ್ಟಲೆ ಸಂಗೀತ, ಪಾನಕ, ಕೋಸಂಬರಿ. ಮಂಗಳವಾರ ಶುಕ್ರವಾರ ರಾಹುಕಾಲದಲ್ಲಿ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಸಾಲಾಗಿ ಕೂರುವ ಹೆಂಗಸರಲ್ಲಿ ಎಷ್ಟು ಮಾತು ನಡೆಯುತ್ತದೆಂದು ಕಿವಿಗೊಟ್ಟು ಕೇಳಿ. 2004ರಿಂದ ಜೆ.ಪಿ. ನಗರದಲ್ಲೇ ರಂಗಶಂಕರವಿದೆ, ಏಳೂವರೆಗೆ ಬಾಗಿಲು ಮುಚ್ಚಿದರೆ ತಡವಾಗಿ ಬಂದವರು ಯಾರೇ ಆಗಲಿ ಒಳಗೆ ಬಿಡುವುದಿಲ್ಲ. ಆ ಕಟ್ಟುನಿಟ್ಟು ನಮ್ಮ ಹಿರಿಯರಿಗೆ ಹೇಳಿ ಮಾಡಿಸಿದ್ದು, ಅವರು ಆರೂವರೆಗೇ ಹೋಗಿ ಸಾಬೂದಾನಿ ವಡೆ ತಿನ್ನುತ್ತ ಕೂತಿರುತ್ತಾರೆ. 2023ರ ಜೂನ್‌ನಿಂದ ಅಮ್ಮನಿಗೆ ಬಸ್ಸು ಉಚಿತ. 2025ರ ಆಗಸ್ಟ್‌ನಿಂದ ಬಿಟಿಎಂ ಲೇಔಟಿನಿಂದ, ರಾಗಿಗುಡ್ಡದಿಂದ ಆರ್.ವಿ. ರಸ್ತೆಗೆ ಹಳದಿ ಮಾರ್ಗದ ಮೆಟ್ರೊ. ಸರ್ಕಾರ ಕೊಟ್ಟ ಬಸ್ ಟಿಕೆಟ್ಟು ಕೈಯಲ್ಲಿದೆ, ಮನೆಯ ಒಪ್ಪಿಗೆ ಸಿಕ್ಕಿಲ್ಲ.

ಮೊದಲ ನಾಲ್ಕು ದಿನ ಜೊತೆಗೆ ಹೋಗಿ. ಮೆಟ್ರೊ ಕಾರ್ಡ್ ಸ್ವೈಪ್ ಮಾಡುವುದು, ಎಸ್ಕಲೇಟರಿನಲ್ಲಿ ಕಾಲಿಡುವುದು, ಯಾವ ಬಾಗಿಲಿನಿಂದ ಹೊರಬರುವುದು ತೋರಿಸಿಕೊಡಿ. ನಿಮ್ಮ ಬೆರಳು ಹಿಡಿದು ಶಾಲೆಗೆ ಬಿಟ್ಟವರು, ಗೇಟಿನ ಬಳಿ ನೀವು ಅತ್ತಾಗ ಅಲ್ಲೇ ಮರದ ಹಿಂದೆ ನಿಂತು ನೋಡಿ ಹೋದವರು ಅವರು. ಐದನೇ ದಿನ ಹಿಂದೆ ಸರಿಯಿರಿ. ಕಿವಿ ಕೇಳಿಸದೆ ನಾಲ್ಕು ಜನರ ನಡುವೆ ಸುಮ್ಮನೆ ನಕ್ಕು ಬರುತ್ತಿದ್ದಾರಾದರೆ ಕಿವಿಯ ಮೆಷಿನ್ ಕೊಡಿಸಿ, ಹೊಸ ಟೀವಿ ಆಮೇಲೆ ಬರಲಿ. ವ್ಯಾನಿನಿಂದ ಮಗುವನ್ನು ಇಳಿಸಿಕೊಳ್ಳಲು ವಾರದಲ್ಲಿ ಎರಡು ದಿನವಾದರೂ ಬೇರೆ ಏರ್ಪಾಡು ಮಾಡಿ. ಮೊಮ್ಮಗುವಿನ ಮೇಲೆ ಅವರಿಗೆ ಪ್ರಾಣ, ನನಗೆ ಗೊತ್ತು. ಆದರೆ ಮೂರು ವರ್ಷದ ಮಗುವಿನ ಜೊತೆ ತನ್ನ ಗಂಡನ ಕೊನೆಯ ದಿನಗಳನ್ನು ಹೇಳಿಕೊಳ್ಳಲಾಗುವುದಿಲ್ಲ.

ಇನ್ನೊಂದು ಮಾತು, ಮೆಲ್ಲಗೆ. ಹೆಂಡತಿಯನ್ನು ಕಳೆದುಕೊಂಡ ಎಪ್ಪತ್ತರ ಹಿರಿಯರೊಬ್ಬರು ಪಾರ್ಕಿನಲ್ಲಿ ವಿಧವೆಯೊಬ್ಬರ ಪಕ್ಕ ಕೂತು ನಾಲ್ಕು ಮಾತಾಡಿದರೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ನಗುವ ಚಿತ್ರಗಳು ಹರಿದಾಡುತ್ತವೆ. ನೀವು ಆ ಚಿತ್ರ ಹಾಕಿರಲಿಕ್ಕಿಲ್ಲ. ನೋಡಿ ಸುಮ್ಮನಿದ್ದಿರಿ. ಮಾರನೆಯ ದಿನದಿಂದ ಅವರಿಬ್ಬರೂ ಬೇರೆ ಬೇರೆ ಹೊತ್ತಿಗೆ ವಾಕಿಂಗ್ ಬರುತ್ತಾರೆ. ಒಬ್ಬರೇ ಒಬ್ಬರು 'ಇದರಲ್ಲಿ ನಗುವಂಥದ್ದೇನಿದೆ' ಎಂದು ಅಲ್ಲಿ ಬರೆದಿದ್ದರೆ ಸಾಕಿತ್ತು. ನೀವು ಬರೆಯಬಹುದಿತ್ತು.

ಮುಂದಿನ ತಿಂಗಳು ಸರದಿ ಬದಲಾಗುತ್ತದೆ, ನೀವು ಅಣ್ಣನಿಗೋ ತಂಗಿಗೋ ಫೋನು ಮಾಡಿ ತಾರೀಖು ಗೊತ್ತು ಮಾಡುತ್ತೀರಿ. ಟಿಕೆಟ್ ಬುಕ್ ಮಾಡುವ ಮೊದಲು, ಲ್ಯಾಪ್‌ಟಾಪ್ ಮುಚ್ಚಿಟ್ಟು, ಅಮ್ಮನ ಪಕ್ಕ ಹೋಗಿ ಕೂತು ಒಂದು ಮಾತು ಕೇಳಿ: 'ಹೋಗ್ತೀಯಾ, ಇಲ್ಲೇ ಇರ್ತೀಯಾ?' ಥಟ್ಟನೆ ಉತ್ತರ ಬರುವುದಿಲ್ಲ, ಯಾರೂ ಹಾಗೆ ಕೇಳಿ ಬಹಳ ದಿನವಾಗಿರುತ್ತದೆ. ಕಾಯಿರಿ. ಇಲ್ಲೇ ಇರ್ತೀನಿ ಎಂದರೆ, ಯಾಕೆ ಎಂದು ಕೇಳಬೇಡಿ.